ಓದುಗರ ಪ್ರಶ್ನೆ: ನೇಪಲ್ಸ್‌ನಲ್ಲಿ ಮೊದಲ ಮೂರು ದಿನ

ಇಟಲಿಯ ನೇಪಲ್ಸ್ ನಗರಕ್ಕೆ ಮೊದಲ ಸಲ ಹೊರಟವರ ಪ್ರಶ್ನೆಗಳನ್ನು ಈ ಸಂಚಿಕೆಗೆ ಆಯ್ದುಕೊಂಡಿದ್ದೇವೆ. ಒಂದೇ ಬಗೆಯವನ್ನು ಒಟ್ಟುಗೂಡಿಸಿ ಉತ್ತರಿಸಲಾಗಿದೆ.

ಪ್ರಶ್ನೆ: ನಾವು ರೋಮ್‌ನಲ್ಲಿ ತಂಗುತ್ತೇವೆ. ಒಂದು ದಿನ ಬೆಳಿಗ್ಗೆ ಹೊರಟು ನೇಪಲ್ಸ್, ಪಾಂಪೇ ಎರಡನ್ನೂ ನೋಡಿ ರಾತ್ರಿಗೆ ವಾಪಸಾಗಬಹುದೆ?

ರೈಲಿನ ವೇಳಾಪಟ್ಟಿ ನೋಡಿದರೆ ಆಗುತ್ತದೆ ಅನ್ನಿಸುತ್ತದೆ. ರೋಮ್ ಟರ್ಮಿನಿಯಿಂದ ನಾಪೊಲಿ ಚೆಂತ್ರಾಲೆ ನಿಲ್ದಾಣಕ್ಕೆ ವೇಗದ ರೈಲಿನಲ್ಲಿ ಸುಮಾರು ಒಂದು ಗಂಟೆ ಹತ್ತು ನಿಮಿಷ. ಆದರೆ ಅಲ್ಲಿಂದ ಮುಂದಿನ ಲೆಕ್ಕ ಹಾಕಿ. ನಿಲ್ದಾಣದೊಳಗೆ ಇಳಿದು ಸ್ಥಳೀಯ ರೈಲು ಹಿಡಿಯಲು ಅರ್ಧ ಗಂಟೆ, ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋಗಿದ್ದ ಪ್ರಾಚೀನ ರೋಮನ್ ಊರು ಪಾಂಪೇಗೆ ಸುಮಾರು 35 ನಿಮಿಷ, ಅವಶೇಷಗಳ ನಡುವೆ ಕನಿಷ್ಠ ನಾಲ್ಕು ಗಂಟೆ, ಮತ್ತೆ ಅದೇ ದಾರಿ. ನೇಪಲ್ಸ್‌ಗೆ ಉಳಿಯುವುದು ಸಂಜೆಯ ಎರಡು ಗಂಟೆ ಮಾತ್ರ. ಅಷ್ಟರಲ್ಲಿ ಮ್ಯೂಸಿಯಂ ಮುಚ್ಚುವ ಹೊತ್ತಾಗಿರುತ್ತದೆ, ನಿಮ್ಮ ಕಾಲೂ ಸೋತಿರುತ್ತದೆ. ಒಂದೇ ದಿನ ಇರುವುದಾದರೆ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ.

ನಮ್ಮ ಸಲಹೆ ಬೇರೆ. ರೋಮ್‌ನ ದಿನಗಳಲ್ಲಿ ಮೂರನ್ನು ತೆಗೆದು ನೇಪಲ್ಸ್‌ಗೆ ಕೊಡಿ. ಹಳೆಯ ನಗರಕ್ಕೆ ಒಂದು ದಿನ, ಪಾಂಪೇಗೆ ಒಂದು ದಿನ, ಪುರಾತತ್ವ ಮ್ಯೂಸಿಯಂ ಮತ್ತು ವೊಮೆರೊ ಗುಡ್ಡಕ್ಕೆ ಇನ್ನೊಂದು. ನಾಲ್ಕನೆಯ ದಿನ ಸಿಕ್ಕರೆ ದ್ವೀಪಕ್ಕೆ ಹೋಗಬಹುದು. ನೇಪಲ್ಸ್ ಬರೀ ರೈಲು ಬದಲಿಸುವ ಊರಲ್ಲ. ಕ್ರಿಸ್ತಪೂರ್ವ ಐದನೇ ಶತಮಾನದಲ್ಲಿ ಗ್ರೀಕರು ಹಾಕಿದ ಬೀದಿಗಳ ವಿನ್ಯಾಸದ ಮೇಲೆ ಜನ ಇಂದಿಗೂ ತರಕಾರಿ ಮಾರುತ್ತಾರೆ, ಬಟ್ಟೆ ಒಣಗಿಸುತ್ತಾರೆ, ಮದುವೆ ಮೆರವಣಿಗೆ ಹೊರಡುತ್ತಾರೆ. 1995ರಲ್ಲಿ ಯುನೆಸ್ಕೋ ಈ ಹಳೆಯ ನಗರವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಯಾವ ದಿನ ಯಾವುದು ಎಂದು ಗೊತ್ತುಮಾಡುವ ಮುನ್ನ ವಾರದ ರಜೆಗಳನ್ನು ನೋಡಿಕೊಳ್ಳಿ. ಪುರಾತತ್ವ ಮ್ಯೂಸಿಯಂ, ಸಾನ್‌ಸೆವೆರೊ ಚಾಪೆಲ್ ಎರಡಕ್ಕೂ ಮಂಗಳವಾರ ರಜೆ. ವೊಮೆರೊ ಗುಡ್ಡದ ಮೇಲಿನ ಸಾನ್ ಮಾರ್ತೀನೊ ಮಠ, ಕಾಪೊದಿಮೊಂತೆ ಮ್ಯೂಸಿಯಂ, ಅರಮನೆ ಈ ಮೂರಕ್ಕೂ ಬುಧವಾರ ರಜೆ. ಪಾಂಪೇ ವಾರದ ಏಳೂ ದಿನ ತೆರೆದಿರುತ್ತದೆ. ಜನವರಿ 1, ಮೇ 1, ಡಿಸೆಂಬರ್ 25ರಂದು ಮಾತ್ರ ಮುಚ್ಚಿರುತ್ತದೆ. ಹಾಗಾಗಿ ನಿಮ್ಮ ಮೂರು ದಿನಗಳಲ್ಲಿ ಮಂಗಳವಾರ ಬಿದ್ದರೆ ಅದು ಪಾಂಪೇಯ ದಿನ. ತಿಂಗಳ ಮೊದಲ ಭಾನುವಾರ ಸರ್ಕಾರಿ ಮ್ಯೂಸಿಯಂಗಳಿಗೂ ಪಾಂಪೇಗೂ ಪ್ರವೇಶ ಉಚಿತ. ದುಡ್ಡು ಉಳಿಯುತ್ತದೆ, ಆದರೆ ಜನಜಂಗುಳಿಯಲ್ಲಿ ಏನೂ ಸರಿಯಾಗಿ ಕಾಣುವುದಿಲ್ಲ. ಅಷ್ಟು ದೂರದಿಂದ ಒಮ್ಮೆ ಬಂದವರು ಆ ದಿನವನ್ನು ತಪ್ಪಿಸುವುದೇ ಮೇಲು.

ಪ್ರಶ್ನೆ: ಮೊದಲು ಪಾಂಪೇ ನೋಡಬೇಕೋ, ಮ್ಯೂಸಿಯಂ ನೋಡಬೇಕೋ? ಎರಡೂ ಒಂದೇ ವಿಷಯವಾದರೆ ಒಂದನ್ನು ಬಿಡಬಹುದೆ?

ಬಿಡಬೇಡಿ. ನೇಪಲ್ಸ್‌ಗೆ ಹೋದವರು ಮಾಡುವ ದೊಡ್ಡ ನಷ್ಟವೇ ಇದು. ಪಾಂಪೇ ಮತ್ತು ಅದರ ಜೊತೆಗೇ ಹೂತುಹೋದ ಹರ್ಕ್ಯುಲೇನಿಯಂ ಊರುಗಳನ್ನು ಹದಿನೆಂಟನೇ ಶತಮಾನದಲ್ಲಿ ಅಗೆಯಲು ಶುರುಮಾಡಿದಾಗ (ಹರ್ಕ್ಯುಲೇನಿಯಂ 1738ರಲ್ಲಿ, ಪಾಂಪೇ 1748ರಲ್ಲಿ) ಸಿಕ್ಕ ಒಳ್ಳೆಯ ಚಿತ್ರಗಳನ್ನು ಗೋಡೆಯಿಂದ ಕತ್ತರಿಸಿ, ನೆಲದ ಮೊಸಾಯಿಕ್‌ಗಳನ್ನು ಎಬ್ಬಿಸಿ ರಾಜನ ಸಂಗ್ರಹಕ್ಕೆ ಸಾಗಿಸಿದರು. ಆ ಸಂಗ್ರಹವೇ ಇಂದಿನ ಪುರಾತತ್ವ ಮ್ಯೂಸಿಯಂನಲ್ಲಿದೆ. ಅಂದರೆ ಪಾಂಪೇಯಲ್ಲಿ ಮನೆಗಳಿವೆ, ಮನೆಯೊಳಗಿನದೆಲ್ಲ ನೇಪಲ್ಸ್‌ನಲ್ಲಿದೆ.

ಮೊದಲು ಪಾಂಪೇ, ಮರುದಿನ ಮ್ಯೂಸಿಯಂ ಎಂಬುದು ನಮ್ಮ ಕ್ರಮ. ಕೋಣೆಗಳ ಅಳತೆ, ಬೆಳಕು ಬೀಳುವ ಅಂಗಳ, ಬೀದಿಯ ಅಗಲ ಕಣ್ಣಲ್ಲಿ ಕೂತಿದ್ದರೆ ಮ್ಯೂಸಿಯಂನ ಚಿತ್ರಗಳನ್ನು ನಿಮ್ಮ ಮನಸ್ಸೇ ಮರಳಿ ಗೋಡೆಗೆ ಅಂಟಿಸಿಕೊಳ್ಳುತ್ತದೆ. ಉದಾಹರಣೆಗೆ ಪಾಂಪೇಯಲ್ಲಿ ‘ಫಾನ್ ಮನೆ’ ಎಂದು ಕರೆಯುವ ಮನೆಯ ನೆಲದಲ್ಲಿ ಅಲೆಕ್ಸಾಂಡರ್ ಮತ್ತು ಪರ್ಷಿಯಾದ ದೊರೆ ದಾರಿಯಸ್ ನಡುವಿನ ಯುದ್ಧದ ಮೊಸಾಯಿಕ್ ಕಾಣುತ್ತೀರಿ. ಅದು ನಕಲು. ಹತ್ತು ಲಕ್ಷಕ್ಕೂ ಹೆಚ್ಚು ಪುಟ್ಟ ಕಲ್ಲಿನ ಚೂರುಗಳಿಂದ ಮಾಡಿದ ಮೂಲ 1831ರಲ್ಲಿ ಸಿಕ್ಕಿ ಮ್ಯೂಸಿಯಂ ಸೇರಿದೆ. 2021ರಲ್ಲಿ ಅದರ ದುರಸ್ತಿ ಕೆಲಸ ಶುರುವಾಯಿತು. ಹಾಗಾಗಿ ನೀವು ಹೋಗುವ ತಿಂಗಳಲ್ಲಿ ಪ್ರದರ್ಶನಕ್ಕಿದೆಯೇ ಎಂದು ಮ್ಯೂಸಿಯಂ ಜಾಲತಾಣದಲ್ಲಿ ನೋಡಿಕೊಂಡು ಹೋಗಿ.

ಮ್ಯೂಸಿಯಂಗೆ ಮೂರು ಗಂಟೆ ಇಡಿ. ನೆಲಮಹಡಿಯಲ್ಲಿ ಫಾರ್ನೇಸೆ ಮನೆತನದ ಸಂಗ್ರಹದ ಅಮೃತಶಿಲೆಯ ವಿಗ್ರಹಗಳಿವೆ. ಕೆಲಸ ಮುಗಿಸಿ ದೊಣ್ಣೆಗೆ ಒರಗಿ ನಿಂತ, ಮೂರು ಮೀಟರ್‌ಗೂ ಎತ್ತರದ ಹರ್ಕ್ಯುಲೀಸ್‌ನ ಮುಂಭಾಗ ನೋಡಿ ಹೊರಟುಬಿಡಬೇಡಿ, ಹಿಂದೆ ಹೋಗಿ. ಬೆನ್ನ ಹಿಂದಿನ ಕೈಯಲ್ಲಿ, ಪುರಾಣದಲ್ಲಿ ಅವನಿಗೆ ವಹಿಸಿದ ಕಷ್ಟದ ಕೆಲಸಗಳಲ್ಲೊಂದಾಗಿ ತಂದ ಚಿನ್ನದ ಸೇಬುಗಳಿವೆ, ಆ ಆಯಾಸ ಯಾಕೆಂದು ಅಲ್ಲಿ ತಿಳಿಯುತ್ತದೆ. ಮೇಲಿನ ಮಹಡಿಗಳಲ್ಲಿ ಮೊಸಾಯಿಕ್, ಗೋಡೆ ಚಿತ್ರಗಳು, ಈಜಿಪ್ಟಿನ ದೇವತೆ ಐಸಿಸ್‌ಳ ದೇವಾಲಯದ ಅವಶೇಷಗಳು, ಪಪೈರಸ್ ಸುರುಳಿಗಳು ಸಿಕ್ಕ ಹರ್ಕ್ಯುಲೇನಿಯಂನ ಬಂಗಲೆಯ ಕಂಚಿನ ಮೂರ್ತಿಗಳಿವೆ. ಸಿಬ್ಬಂದಿ ಸಾಲದೆ ಕೆಲವು ವಿಭಾಗಗಳನ್ನು ಮಧ್ಯಾಹ್ನ ಮುಚ್ಚುವುದುಂಟು. ಟಿಕೆಟ್ ಕೊಳ್ಳುವಾಗಲೇ ಇವತ್ತು ಏನೇನು ಮುಚ್ಚಿದೆ ಎಂದು ಕೇಳಿ, ಬೇಗ ಮುಚ್ಚುವುದನ್ನು ಮೊದಲು ನೋಡಿ. ಮೆಟ್ರೊ ಒಂದನೇ ಮಾರ್ಗದ ಮುಸೆಓ ನಿಲ್ದಾಣದಲ್ಲಿ ಇಳಿದರೆ ಕಟ್ಟಡ ಎದುರಿಗೇ ಇದೆ.

ಪ್ರಶ್ನೆ: ಪಾಂಪೇಗೆ ಯಾವ ರೈಲು? ಪಾಂಪೇ ಹೆಸರಿನ ನಿಲ್ದಾಣಗಳು ಒಂದಕ್ಕಿಂತ ಹೆಚ್ಚಿರುವುದರಿಂದ ಗೊಂದಲವಾಗಿದೆ.

ನಿಮ್ಮ ಗೊಂದಲ ಸಹಜ, ದಿನವೂ ಎಷ್ಟೋ ಜನ ಇಲ್ಲಿ ತಪ್ಪುತ್ತಾರೆ. ನಿಮಗೆ ಬೇಕಾದದ್ದು ಚಿರ್ಕುಮ್‌ವೆಸುವಿಯಾನ ಎಂಬ ಸ್ಥಳೀಯ ರೈಲು. ಅದರಲ್ಲೂ ಸೊರೆಂತೊಗೆ ಹೋಗುವ ರೈಲು ಹತ್ತಿ, ಪೊಂಪೇಯಿ ಸ್ಕಾವಿ – ವಿಲ್ಲಾ ದೇಯಿ ಮಿಸ್ತೇರಿ ನಿಲ್ದಾಣದಲ್ಲಿ ಇಳಿಯಬೇಕು. ಪೋರ್ತಾ ಮರೀನಾ ಪ್ರವೇಶದ್ವಾರ ಅಲ್ಲಿಂದ ಎರಡೇ ನಿಮಿಷ. ಪೊಜ್ಜೊಮರೀನೊ ಕಡೆಗೆ ಹೋಗುವ ರೈಲು ಹತ್ತಿದರೆ ಮಾರ್ಗ ತೊರ್ರೆ ಅನ್ನುಂತ್ಸಿಯಾತದಲ್ಲಿ ಕವಲೊಡೆದು, ಹೊಸ ಊರಿನ ಪೊಂಪೇಯಿ ಸಂತುವಾರಿಯೊ ನಿಲ್ದಾಣಕ್ಕೆ ಒಯ್ಯುತ್ತದೆ. ಅಲ್ಲಿ ಇಳಿದರೂ ಕೆಟ್ಟಿತೆಂದಲ್ಲ. ಸ್ವಲ್ಪ ನಡೆದರೆ ಆಂಫಿಥಿಯೇಟರ್ ಕಡೆಯ ಬಾಗಿಲು ಸಿಗುತ್ತದೆ, ಅಲ್ಲಿ ಸರದಿಯೂ ಸಾಮಾನ್ಯವಾಗಿ ಚಿಕ್ಕದು.

ಈ ರೈಲುಗಳಲ್ಲಿ ಸೀಟು ಕಾಯ್ದಿರಿಸುವ ಪದ್ಧತಿ ಇಲ್ಲ. ಬೇಸಿಗೆಯಲ್ಲಿ ಬೆವರಿನ ಇಕ್ಕಟ್ಟು. ಹೆಚ್ಚಿನ ಪ್ರವಾಸಿಗರು ಮುಖ್ಯ ನಿಲ್ದಾಣದ ಕೆಳಗಿರುವ ಗರಿಬಾಲ್ದಿಯಲ್ಲಿ ಹತ್ತುತ್ತಾರೆ. ರೈಲು ಹೊರಡುವುದು ಅದಕ್ಕಿಂತ ಒಂದು ನಿಲ್ದಾಣ ಹಿಂದಿನ ಪೋರ್ತಾ ನೊಲಾನಾದಿಂದ. ಹತ್ತು ನಿಮಿಷ ನಡೆದು ಅಲ್ಲಿಗೆ ಹೋದರೆ ಕೂರಲು ಜಾಗ ಸಿಗುತ್ತದೆ.

ಟಿಕೆಟ್ ವಿಷಯ: ಪಾಂಪೇಗೆ ದಿನಕ್ಕೆ 20,000 ಜನರ ಮಿತಿ ಇದೆ. 2024ರ ನವೆಂಬರ್‌ನಿಂದ ಟಿಕೆಟ್ ಮೇಲೆ ಪ್ರತಿಯೊಬ್ಬರ ಹೆಸರೂ ಇರಬೇಕು. ಪಾಸ್‌ಪೋರ್ಟ್‌ನಲ್ಲಿರುವ ಹಾಗೆಯೇ ಹೆಸರು ಕೊಡಿ, ಪಾಸ್‌ಪೋರ್ಟ್ ಜೊತೆಗಿರಲಿ. 30x30x15 ಸೆಂಟಿಮೀಟರ್‌ಗಿಂತ ದೊಡ್ಡ ಚೀಲವನ್ನು ಒಳಗೆ ಬಿಡುವುದಿಲ್ಲ, ಬಾಗಿಲಲ್ಲಿ ಇಟ್ಟು ಹೋಗಬೇಕಾಗುತ್ತದೆ. ಒಂದು ಬಾಗಿಲಲ್ಲಿ ಇಟ್ಟು ಇನ್ನೊಂದರಿಂದ ಹೊರಬಂದರೆ ಮತ್ತೆ ಅಷ್ಟೂ ದೂರ ನಡೆಯಬೇಕಾದೀತು. ಚಿಕ್ಕ ಚೀಲವೇ ಸರಿ.

ಪ್ರಶ್ನೆ: ಜೊತೆಯಲ್ಲಿ ಎಪ್ಪತ್ತು ದಾಟಿದ, ಮಂಡಿನೋವಿರುವ ತಾಯಿ ಇದ್ದಾರೆ. ಪಾಂಪೇ ಅವರಿಗೆ ಆಗುತ್ತದೆಯೇ?

ಪೂರ್ತಿ ಪಾಂಪೇ ಆಗದು. ಊರಿನ ವಿಸ್ತಾರ ಸುಮಾರು 66 ಹೆಕ್ಟೇರ್, ಅದರಲ್ಲಿ ಮೂರನೇ ಎರಡು ಭಾಗ ಅಗೆದು ತೆರೆದಿದ್ದಾರೆ. ಬೀದಿಗಳಿಗೆ ಲಾವಾ ಶಿಲೆಯ ದೊಡ್ಡ ದೊಡ್ಡ ಚಪ್ಪಡಿ ಹಾಸಿದೆ. ಅವು ಸವೆದು ನುಣುಪಾಗಿವೆ, ನಡುವೆ ಗಾಡಿಚಕ್ರ ಕೊರೆದ ಗಾಡಿಜಾಡು, ಬೀದಿ ದಾಟಲು ಎತ್ತರದ ಹೆಜ್ಜೆಗಲ್ಲುಗಳು. ಮಂಡಿಗೆ ಇವೆಲ್ಲ ಶತ್ರುಗಳೇ. ಪೋರ್ತಾ ಮರೀನಾ ಬಾಗಿಲಲ್ಲಂತೂ ಏರು ಹಾದಿ. ಬದಲಿಗೆ ಪಿಯಾತ್ಸಾ ಅನ್‌ಫಿತೆಯಾತ್ರೊ ಬಾಗಿಲಿಂದ (ಮೇಲೆ ಹೇಳಿದ ಆಂಫಿಥಿಯೇಟರ್ ಕಡೆಯದು) ಹೋಗಿ. ನಡೆಯಲು ಕಷ್ಟವಿರುವವರಿಗಾಗಿ ಸಮತಟ್ಟು ಮಾಡಿದ, ‘ಎಲ್ಲರಿಗೂ ಪಾಂಪೇ’ ಎಂಬ ಹಾದಿ ಅಲ್ಲಿಂದ ಶುರುವಾಗುತ್ತದೆ. ಅದರಲ್ಲಿ ಆಂಫಿಥಿಯೇಟರ್ ನೋಡಿ, ಹಿಡಿಸಿದಷ್ಟು ದೂರ ಹೋಗಿ, ಅದೇ ಬಾಗಿಲಿಗೆ ಮರಳಬಹುದು. ಒಳಗೆ ನೆರಳು ಬಹಳ ಕಡಿಮೆ. ಕುಡಿಯುವ ನೀರಿನ ನಲ್ಲಿಗಳಿವೆ, ಖಾಲಿ ಬಾಟಲಿ ಒಯ್ದರೆ ಸಾಕು.

ಇನ್ನೂ ಒಳ್ಳೆಯ ಆಯ್ಕೆ ಹರ್ಕ್ಯುಲೇನಿಯಂ. ತೆರೆದಿರುವ ಭಾಗ ಚಿಕ್ಕದು, ಎರಡೂವರೆ ಗಂಟೆಯಲ್ಲಿ ನಿಧಾನವಾಗಿ ಮುಗಿಯುತ್ತದೆ. ಮಂಡಿನೋವಿನ ಕಾರಣವೊಂದೇ ಅಲ್ಲ, ಎಲ್ಲರಿಗೂ ಇದನ್ನು ಹೇಳುತ್ತೇವೆ. 79ನೇ ಇಸವಿಯಲ್ಲಿ ವೆಸೂವಿಯಸ್ ಜ್ವಾಲಾಮುಖಿ ಸ್ಫೋಟಿಸಿದಾಗ ಪಾಂಪೇಯ ಮೇಲೆ ಮೊದಲು ಹಗುರ ಕಲ್ಲು, ಬೂದಿ ಸುರಿದು ಚಾವಣಿಗಳು ಕುಸಿದವು. ಹರ್ಕ್ಯುಲೇನಿಯಂ ಮೇಲೆ ನುಗ್ಗಿದ್ದು ಕುದಿಯುವ ಅನಿಲ ಮತ್ತು ಬೂದಿಯ ಪ್ರವಾಹ. ಅದು ಸುಮಾರು 20 ಮೀಟರ್ ದಪ್ಪಕ್ಕೆ ಗಟ್ಟಿಯಾಗಿ ಊರನ್ನು ಮುಚ್ಚಿತು. ಆ ಶಾಖದಲ್ಲಿ ಮರ ಉರಿದು ಬೂದಿಯಾಗದೆ ಇದ್ದಿಲಾಗಿ ಉಳಿಯಿತು. ಹಾಗಾಗಿ ಮೇಲ್ಮಹಡಿ, ಮರದ ತೊಲೆ, ಬಾಗಿಲು, ಮಂಚವನ್ನೂ ಇಲ್ಲಿ ಕಾಣಬಹುದು. ಹಳೆಯ ಕಡಲತೀರದ ದೋಣಿಮನೆಗಳಲ್ಲಿ ಸುಮಾರು 300 ಜನರ ಅಸ್ಥಿಗಳು ಸಿಕ್ಕವು. ಅಲ್ಲಿ ಮಾತು ಹೊರಡುವುದಿಲ್ಲ, ಮಕ್ಕಳಿದ್ದರೆ ಮೊದಲೇ ಹೇಳಿಟ್ಟಿರಿ. ಅದೇ ರೈಲಿನಲ್ಲಿ ಎರ್ಕೊಲಾನೊ ಸ್ಕಾವಿ ನಿಲ್ದಾಣದಲ್ಲಿ ಇಳಿದು ಕಡಲಿನ ಕಡೆಗೆ ಹತ್ತು ನಿಮಿಷ ಇಳಿಜಾರು ನಡಿಗೆ. ವಾಪಸ್ ಬರುವಾಗ ಅದೇ ಏರು. ತಾಯಿಗೆ ಟ್ಯಾಕ್ಸಿ ಹೇಳಿ.

ಪ್ರಶ್ನೆ: ಹಳೆಯ ನಗರವನ್ನು ಯಾವ ಕ್ರಮದಲ್ಲಿ ನಡೆದು ನೋಡಬೇಕು? ಮುಸುಕು ಹೊದ್ದ ಕ್ರಿಸ್ತನ ಶಿಲ್ಪಕ್ಕೆ ಟಿಕೆಟ್ ಸಿಗುತ್ತಿಲ್ಲ.

ಟಿಕೆಟ್ ಮೊದಲು. ಆ ಶಿಲ್ಪ ಇರುವ ಸಾನ್‌ಸೆವೆರೊ ಚಾಪೆಲ್ ಬಹಳ ಚಿಕ್ಕದು, ಗಂಟೆಗೆ ಇಂತಿಷ್ಟೇ ಜನ ಎಂದು ಸಮಯ ಹಂಚಿ ಬಿಡುತ್ತಾರೆ. ಪ್ರವಾಸದ ತಾರೀಖು ಖಚಿತವಾದ ದಿನವೇ ಅವರ ಜಾಲತಾಣದಲ್ಲಿ ಕೊಂಡುಬಿಡಬೇಕು. ಸಿಗದಿದ್ದರೆ ಬೇರೆ ಬೇರೆ ದಿನ ಮತ್ತೆ ಮತ್ತೆ ನೋಡುತ್ತಿರಿ, ರದ್ದಾದ ಟಿಕೆಟ್‌ಗಳು ಮರಳಿ ಬರುವುದುಂಟು. ಜೂಸೆಪ್ಪೆ ಸಾನ್‌ಮಾರ್ತೀನೊ 1753ರಲ್ಲಿ ಒಂದೇ ಅಮೃತಶಿಲೆಯಲ್ಲಿ ದೇಹವನ್ನೂ ಅದರ ಮೇಲಿನ ತೆಳು ಬಟ್ಟೆಯನ್ನೂ ಕಡೆದಿದ್ದಾನೆ. ನಿಜವಾದ ಬಟ್ಟೆಯನ್ನೇ ರಸಾಯನದಿಂದ ಕಲ್ಲಾಗಿಸಿದ್ದು ಎಂಬ ದಂತಕಥೆಯನ್ನು ಹಲವರು ಇಂದಿಗೂ ಹೇಳುತ್ತಾರೆ, ಅದು ನಿಜವಲ್ಲ. ಹಣೆಯ ನರ ಮುಸುಕಿನಡಿಯಲ್ಲಿ ಉಬ್ಬಿ ಕಾಣುವುದು ಕಲಾವಿದನ ಉಳಿಯಿಂದಲೇ. ಒಳಗೆ ಫೋಟೊ ತೆಗೆಯುವಂತಿಲ್ಲ. ಅದೂ ಒಂದು ವರವೇ, ಜನ ಕಣ್ಣಿನಿಂದ ನೋಡುತ್ತಾರೆ.

ಈಗ ನಡಿಗೆ. ನೆನಪಿಡಬೇಕಾದ ಒಂದು ಸಂಗತಿ: ಇಲ್ಲಿನ ಹಲವು ಚರ್ಚುಗಳು ಮಧ್ಯಾಹ್ನ ಹನ್ನೆರಡೂವರೆಗೆ ಬಾಗಿಲು ಹಾಕಿ ನಾಲ್ಕರ ಸುಮಾರಿಗೆ ತೆರೆಯುತ್ತವೆ. ಹತ್ತೂವರೆಗೆ ನಿಧಾನವಾಗಿ ಹೊರಟವರು ಮುಚ್ಚಿದ ಬಾಗಿಲುಗಳನ್ನೇ ನೋಡಿ ಬರುತ್ತಾರೆ. ಒಂಬತ್ತಕ್ಕೆ ಜೆಸು ನುವೊವೊ ಚೌಕದಲ್ಲಿರಿ. ವಜ್ರದ ಮೊನೆಯಂಥ ಕಪ್ಪುಕಲ್ಲುಗಳ ಮುಖವಿರುವ ಆ ಚರ್ಚು ಮೊದಲು ಅರಮನೆಯಾಗಿತ್ತು. ಎದುರಿಗೆ ಸಾಂತಾ ಕ್ಯಾರಾ. 1943ರ ಆಗಸ್ಟ್ ಬಾಂಬ್ ದಾಳಿಯಲ್ಲಿ ಸುಟ್ಟು, ಮತ್ತೆ ಕಟ್ಟಿದ ಚರ್ಚು. ಚರ್ಚು ನೋಡಿ ಅಷ್ಟಕ್ಕೇ ಹೊರಟುಬಿಡುವವರು ಬಹಳ. ಹಿಂದೆ ಪ್ರತ್ಯೇಕ ಟಿಕೆಟ್ಟಿನ ಅಂಗಳವಿದೆ. ನಿಂಬೆ, ಕಿತ್ತಳೆ ಗಿಡಗಳ ನಡುವೆ ಹಳದಿ, ಹಸಿರು, ನೀಲಿ ಬಣ್ಣದ ಹೆಂಚುಗಳನ್ನು ಹೊದಿಸಿದ 72 ಎಂಟುಮೂಲೆಯ ಕಂಬಗಳು, ಬೆಂಚುಗಳ ಮೇಲೆ ಹಳ್ಳಿಯ ಬದುಕಿನ ಚಿತ್ರಗಳು. ಬೆಳಗಿನ ಬಿಸಿಲು ಬೀಳುವಾಗ ಅಲ್ಲಿ ಅರ್ಧ ಗಂಟೆ ಕೂತಿರಿ.

ಅಲ್ಲಿಂದ ನಗರವನ್ನು ಸೀಳಿದಂತೆ ನೇರ ಸಾಗುವ ಸ್ಪಾಕ್ಕನಾಪೊಲಿ ಬೀದಿ ಹಿಡಿದು ಪೂರ್ವಕ್ಕೆ ನಡೆಯಿರಿ. ಸಾನ್ ದೊಮೆನಿಕೊ ಚೌಕದ ಪಕ್ಕದಲ್ಲೇ ಸಾನ್‌ಸೆವೆರೊ. ಮುಂದೆ ಎಡಕ್ಕೆ ಸಾನ್ ಗ್ರೆಗೊರಿಯೊ ಅರ್ಮೇನೊ ಗಲ್ಲಿ. ಕ್ರಿಸ್ಮಸ್ ಗೋದಲಿಯ ಗೊಂಬೆ ಮಾಡುವವರ ಅಂಗಡಿಗಳು ವರ್ಷವಿಡೀ ತೆರೆದಿರುತ್ತವೆ. ನವೆಂಬರ್, ಡಿಸೆಂಬರ್‌ನ ವಾರಾಂತ್ಯಗಳಲ್ಲಿ ಆ ಗಲ್ಲಿಯೊಳಗೆ ಹೆಜ್ಜೆ ಇಡಲಾಗದು. ಗಲ್ಲಿ ಹತ್ತಿದರೆ ತ್ರಿಬುನಾಲಿ ಬೀದಿ. ಅಲ್ಲಿ ಪಿಯೊ ಮೊಂತೆ ದೆಲ್ಲ ಮಿಸೆರಿಕೋರ್ದಿಯಾ ಎಂಬ ಪುಟ್ಟ ಚರ್ಚನ್ನು ದಯವಿಟ್ಟು ಬಿಡಬೇಡಿ. ರೋಮ್‌ನಲ್ಲಿ ಕೊಲೆ ಮಾಡಿ ತಲೆಮರೆಸಿಕೊಂಡು ಬಂದ ಚಿತ್ರಕಾರ ಕರವಾಜ್ಜೊ, ಹಸಿದವರಿಗೆ ಅನ್ನ, ಬಾಯಾರಿದವರಿಗೆ ನೀರು, ಸತ್ತವರಿಗೆ ಮಣ್ಣು ಹೀಗೆ ಏಳು ಕರುಣೆಯ ಕೆಲಸಗಳನ್ನು ಒಂದೇ ಚಿತ್ರದಲ್ಲಿ, ಒಂದೇ ಕತ್ತಲ ಬೀದಿಯಲ್ಲಿ ಸೇರಿಸಿ 1607ರ ಸುಮಾರಿಗೆ ಬರೆದ. ಚಿತ್ರ ಇರುವುದು ಅದನ್ನು ಯಾವ ಜಾಗಕ್ಕೆಂದು ಬರೆದನೋ ಅದೇ ಜಾಗದಲ್ಲಿ. ಹೊರಗೆ ಬಂದರೆ ಅದೇ ಬೀದಿ, ಅದೇ ಮುಖಗಳು.

ಚರ್ಚುಗಳು ಮುಚ್ಚಿದ ಹೊತ್ತನ್ನು ನೆಲದಡಿಗೆ ಕೊಡಿ. ಸಾನ್ ಗಯೆತಾನೊ ಚೌಕದಲ್ಲಿ ನೆಲದಡಿಯ ನೇಪಲ್ಸ್‌ನ ಪ್ರವಾಸ ಶುರುವಾಗುತ್ತದೆ. ಸುಮಾರು 40 ಮೀಟರ್ ಕೆಳಗೆ ಗ್ರೀಕರು ಮೆದುಗಲ್ಲು ಕಡಿದ ಗಣಿ, ರೋಮನ್ನರ ಕಾಲದಲ್ಲಿ ನೀರಿನ ತೊಟ್ಟಿ, ಎರಡನೇ ಮಹಾಯುದ್ಧದಲ್ಲಿ ಬಾಂಬ್‌ನಿಂದ ತಪ್ಪಿಸಿಕೊಳ್ಳುವ ಆಸರೆ. ಒಂದು ಕಡೆ ಅಡ್ಡಡ್ಡ ತಿರುಗಿ ನುಸುಳುವಷ್ಟು ಕಿರಿದಾದ ದಾರಿ ಬರುತ್ತದೆ. ಇಕ್ಕಟ್ಟಿಗೆ ಹೆದರುವವರು ಆ ತುಣುಕನ್ನು ಬಿಡಬಹುದು. ಮೆಟ್ಟಿಲು ಬಹಳ, ಕೆಳಗೆ ತಂಪು. ಅಷ್ಟೂ ಇಳಿಯಲು ಆಗದವರು ಎದುರಿನ ಸಾನ್ ಲೊರೆನ್ಸೊ ಚರ್ಚಿನ ಕೆಳಗಿರುವ ರೋಮನ್ ಮಾರುಕಟ್ಟೆ ಬೀದಿಯನ್ನು ನೋಡಲಿ. ನಮ್ಮ ಮಟ್ಟಿಗೆ ಅದೇ ಹೆಚ್ಚು ಮನಸ್ಸಿಗೆ ತಾಗುವ ಜಾಗ.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು. ಪಿಜ್ಜಾ ಬಿಟ್ಟು ಏನು ಸಿಗುತ್ತದೆ? ಕೊಬ್ಬು ಬೆರೆಸುತ್ತಾರೆಂದು ಕೇಳಿದ್ದೇವೆ.

ಪಿಜ್ಜಾದಿಂದಲೇ ಶುರು ಮಾಡೋಣ, ಏಕೆಂದರೆ ಅದೇ ನಿಮಗೆ ನಿಶ್ಚಿಂತೆಯ ಊಟ. ಸಾಂಪ್ರದಾಯಿಕ ನೇಪಲ್ಸ್ ಪಿಜ್ಜಾದ ಹಿಟ್ಟಿನಲ್ಲಿ ಇರುವುದು ಮೈದಾ, ನೀರು, ಉಪ್ಪು, ಯೀಸ್ಟ್ ಮಾತ್ರ. ಮರಿನಾರಾ ಎಂದರೆ ಟೊಮೆಟೊ, ಬೆಳ್ಳುಳ್ಳಿ, ಒರೆಗಾನೊ, ಆಲಿವ್ ಎಣ್ಣೆ. ಚೀಸ್ ಕೂಡ ಇಲ್ಲ. ಈರುಳ್ಳಿ, ಬೆಳ್ಳುಳ್ಳಿ ತಿನ್ನದವರಿಗೆ ಮಾರ್ಗೆರಿತಾ: ಟೊಮೆಟೊ, ಮೊಝರೆಲ್ಲಾ, ತುಳಸಿಯ ಜಾತಿಯ ಬೇಸಿಲ್ ಎಲೆ. ಸೌದೆ ಒಲೆಯ ಸುಮಾರು 480 ಡಿಗ್ರಿ ಶಾಖದಲ್ಲಿ ಒಂದು, ಒಂದೂವರೆ ನಿಮಿಷದಲ್ಲಿ ಬೇಯುವುದರಿಂದ ನಡುಭಾಗ ಒದ್ದೆಯಾಗಿಯೇ ಇರುತ್ತದೆ. ಬೆಂದಿಲ್ಲವೆಂದು ಹಿಂದಕ್ಕೆ ಕಳಿಸಬೇಡಿ, ಅದರ ಹದವೇ ಅದು. ತ್ರಿಬುನಾಲಿ ಬೀದಿಯ ಹೆಸರಾಂತ ಅಂಗಡಿಗಳಲ್ಲಿ ಬಾಗಿಲಲ್ಲೇ ಹೆಸರು ಬರೆಸಿ ಕಾಯಬೇಕು. ಮಧ್ಯಾಹ್ನ ಹನ್ನೆರಡಕ್ಕೆ ಅಥವಾ ಸಂಜೆ ಏಳಕ್ಕೆ, ತೆರೆಯುವ ಹೊತ್ತಿಗೇ ಹೋಗಿ.

ನೀವು ಕೇಳಿದ್ದು ನಿಜ, ಹಂದಿಯ ಕೊಬ್ಬು ಇರುವುದು ಬೇರೆ ಕಡೆ. ಪದರ ಪದರದ ಸ್ಫೋಲ್ಯತೆಲ್ಲಾ ಸಿಹಿಯ ಹಿಟ್ಟನ್ನು ಪದರ ಬಿಡಿಸಲು ಸವರುವುದು ಸಾಂಪ್ರದಾಯಿಕವಾಗಿ ಅದನ್ನೇ. ಮೆಣಸು ಹಾಕಿದ, ‘ತರಲ್ಲಿ’ ಎಂಬ ಬಳೆಯಾಕಾರದ ಗರಿಗರಿ ತಿಂಡಿಯಲ್ಲೂ ಅದೇ. ಸ್ತ್ರುತ್ತೊ, ಸುನ್ಯಾ ಎಂಬ ಎರಡು ಹೆಸರು ಗುರುತಿಟ್ಟುಕೊಳ್ಳಿ, ಎರಡೂ ಹಂದಿ ಕೊಬ್ಬು. ಕರಿದ ಪಿಜ್ಜಾದೊಳಗೆ ಚಿಕೊಲಿ ಎಂಬ ಮಾಂಸದ ತುಣುಕು, ಗತ್ತೊ ಎಂಬ ಆಲೂಗಡ್ಡೆಯ ಖಾರದ ಕೇಕಿನಲ್ಲಿ ಹ್ಯಾಮ್ ಅಥವಾ ಸಲಾಮೆ, ಸ್ಕರೋಲ ಸೊಪ್ಪಿನ ಪಿಜ್ಜಾದಲ್ಲಿ ಆಂಚೊವಿ ಮೀನು ಇರುವುದು ಮಾಮೂಲು. ಹುರುಳಿ ಜಾತಿಯ ಕಾಳಿನ ಪಾಸ್ತಾ, ಆಲೂಗಡ್ಡೆ ಪಾಸ್ತಾಗಳಿಗೂ ಒಗ್ಗರಣೆಗೆ ಹಂದಿ ಹಾಕುವವರಿದ್ದಾರೆ, ಪ್ರತಿ ಸಲ ಕೇಳಬೇಕು. ಸೆನ್ಸಾ ಕಾರ್ನೆ (ಮಾಂಸ ಬೇಡ), ಸೆನ್ಸಾ ಪೆಶೆ (ಮೀನು ಬೇಡ), ಸೆನ್ಸಾ ಸ್ತ್ರುತ್ತೊ (ಹಂದಿ ಕೊಬ್ಬು ಬೇಡ) ಎಂದು ಮೂರನ್ನೂ ಹೇಳಿ. ಬರೀ ಸಸ್ಯಾಹಾರಿ ಎಂದರೆ ಮೀನು ನಡೆಯುತ್ತದೆಂದು ತಿಳಿಯುವವರಿದ್ದಾರೆ.

ಧಾರಾಳವಾಗಿ ತಿನ್ನಬಹುದಾದವು: ಟೊಮೆಟೊ ಸಾಸ್, ಮೊಝರೆಲ್ಲಾ ಹಾಕಿ ಒಲೆಯಲ್ಲಿಟ್ಟ ಸೊರೆಂತೊ ಶೈಲಿಯ ನ್ಯೊಕ್ಕಿ (ಆಲೂಗಡ್ಡೆಯ ಪುಟ್ಟ ಕಡುಬು), ಬದನೆಕಾಯಿಯ ಪಾರ್ಮಿಜಾನಾ (ಮೊಟ್ಟೆ ಸೇರಿಸಿದ್ದಾರೆಯೇ ಎಂದು ಕೇಳಿ), ಕಹಿ ಸೊಪ್ಪು ಫ್ರಿಯಾರಿಯೆಲ್ಲಿ. ಆ ಸೊಪ್ಪನ್ನು ಸಾಸೇಜ್ ಇಲ್ಲದೆ, ಪಲ್ಯವಾಗಿ ಕೊಡಿ ಎನ್ನಬೇಕು. ಚೀಸ್ ಬಗ್ಗೆ ಕಟ್ಟುನಿಟ್ಟಿನವರಿಗೆ ಒಂದು ಮಾತು: ಪಾರ್ಮಿಜಾನೊ ಹಾಗೂ ಎಮ್ಮೆ ಹಾಲಿನ ಸಾಂಪ್ರದಾಯಿಕ ಮೊಝರೆಲ್ಲಾ ಎರಡಕ್ಕೂ ಹಾಲು ಒಡೆಯಲು ಕರುವಿನ ಹೊಟ್ಟೆಯ ರೆನೆಟ್ ಬಳಸುತ್ತಾರೆ. ಅದು ಬೇಡವೆನ್ನುವವರಿಗೆ ಮರಿನಾರಾ ಪಿಜ್ಜಾ, ಟೊಮೆಟೊ ಸ್ಪಾಗೆಟ್ಟಿ ಇದೆ. ಮೇಲೆ ಚೀಸ್ ಉದುರಿಸಬೇಡಿ ಎಂದರಾಯಿತು.

ಪ್ರಶ್ನೆ: ದ್ವೀಪ ನೋಡಲು ಒಂದೇ ದಿನ ಇದೆ. ಕಾಪ್ರಿಯೋ, ಪ್ರೊಚಿದಾವೋ?

ಮೊದಲ ಸಲದವರಿಗೂ ಪ್ರೊಚಿದಾ ಎನ್ನುತ್ತೇವೆ. ವಿಸ್ತೀರ್ಣ ನಾಲ್ಕು ಚದರ ಕಿಲೋಮೀಟರ್‌ನಷ್ಟು, ನಡೆದೇ ಮುಗಿಸಬಹುದು. ವೇಗದ ದೋಣಿಯಲ್ಲಿ ಸುಮಾರು 40 ನಿಮಿಷ. ತೆರ್ರಾ ಮುರಾತಾಕ್ಕೆ ಏರುವ ದಾರಿಯಿಂದ ಕೊರಿಚೆಲ್ಲಾ ಬಂದರಿನ ಬಣ್ಣದ ಮನೆಗಳು ಕಾಣುತ್ತವೆ. ಕಾಪ್ರಿ ಸುಂದರವೇ, ಆದರೆ ಬೇಸಿಗೆಯ ಹಗಲಿನಲ್ಲಿ ಅಲ್ಲಿ ಹೆಚ್ಚು ಹೊತ್ತು ಹೋಗುವುದು ಸರದಿಯಲ್ಲಿ. ನೀಲಿ ಗುಹೆಗಾಗಿ ಹೋಗುವವರಿಗೆ ಎಚ್ಚರಿಕೆ: ಗುಹೆಯ ಬಾಯಿ ನೀರಿನಿಂದ ಮೇಲೆ ಸುಮಾರು ಒಂದು ಮೀಟರ್ ಮಾತ್ರ, ದೋಣಿಯಲ್ಲಿ ಮಲಗಿಕೊಂಡು ನುಸುಳಬೇಕು. ಅಲೆ ಸ್ವಲ್ಪ ಎದ್ದರೂ ಪ್ರವೇಶ ನಿಲ್ಲಿಸುತ್ತಾರೆ. ವೇಗದ ದೋಣಿಗಳು ಮೊಲೊ ಬೆವೆರೆಲ್ಲೊದಿಂದ, ಕಾರು ಒಯ್ಯುವ ದೊಡ್ಡ ಹಡಗುಗಳು ಕಲಾತಾ ಪೋರ್ತಾ ದಿ ಮಸ್ಸಾದಿಂದ ಹೊರಡುತ್ತವೆ. ಟಿಕೆಟ್ ಮೇಲೆ ಯಾವ ಬಂದರಿನ ಹೆಸರಿದೆ ನೋಡಿ, ನಡುವೆ ಹತ್ತು ಹದಿನೈದು ನಿಮಿಷದ ನಡಿಗೆ ಇದೆ.

ಪ್ರಶ್ನೆ: ವೆಸೂವಿಯಸ್ ತುದಿಗೆ ಹತ್ತಲು ಗೈಡ್ ಬೇಕೆ?

ಸುಮಾರು 1,000 ಮೀಟರ್ ಎತ್ತರದವರೆಗೆ ಬಸ್ ಹೋಗುತ್ತದೆ. ಅಲ್ಲಿಂದ ಬಾಯಿಯ ಅಂಚಿಗೆ ಅರ್ಧ ಗಂಟೆಯ ಏರು, ದಾರಿ ಸ್ಪಷ್ಟವಾಗಿರುವುದರಿಂದ ಗೈಡ್ ಬೇಕಿಲ್ಲ. ಸಡಿಲ ಜಲ್ಲಿಯ ಮೇಲೆ ಜಾರುವುದರಿಂದ ಚಪ್ಪಲಿ ಬೇಡ, ಶೂ ಹಾಕಿ. ಟಿಕೆಟ್ಟನ್ನು ಸಮಯ ಸಮೇತ ಆನ್‌ಲೈನ್‌ನಲ್ಲೇ ಕೊಳ್ಳಬೇಕು. ಮೇಲೆ ಹೋದ ಮೇಲೆ ಕೊಳ್ಳೋಣವೆಂದರೆ ಕೌಂಟರ್ ಇಲ್ಲ, ಮೊಬೈಲ್ ಸಿಗ್ನಲ್ಲೂ ದುರ್ಬಲ. ಮೋಡ ಕವಿದ ದಿನ ಹೋಗಬೇಡಿ, 1944ರಲ್ಲಿ ಕೊನೆಯ ಸಲ ಸ್ಫೋಟಿಸಿದ ಆ ಬಾಯಿಯೂ ಕಾಣದು, ಕೊಲ್ಲಿಯೂ ಕಾಣದು.

ಪ್ರಶ್ನೆ: ಹಳೆಯ ಗೈಡ್ ಪುಸ್ತಕದಲ್ಲಿ ಸೊಲ್ಫತಾರಾ ಎಂಬ ಹೊಗೆಯಾಡುವ ಕುಳಿಯ ಬಗ್ಗೆ ಓದಿದೆ. ಹೋಗುವುದು ಹೇಗೆ?

2017ರಲ್ಲಿ ಅಲ್ಲಿ ಒಂದೇ ಕುಟುಂಬದ ಮೂವರು ಸತ್ತ ಮೇಲೆ ಅದನ್ನು ಮುಚ್ಚಲಾಗಿದೆ. ಪುಸ್ತಕದ ಆ ಪುಟ ಬಿಟ್ಟುಬಿಡಿ. ಆದರೆ ಆ ಕುಳಿ ಇರುವ ಊರು ಪೊತ್ಸುವೊಲಿಗೆ ಮೆಟ್ರೊ ಎರಡನೇ ಮಾರ್ಗದಲ್ಲಿ ಹೋಗಿ, ಬಂದರಿನ ಹತ್ತಿರದ ಸೆರಾಪಿಸ್ ದೇವಾಲಯ ಎಂದು ಕರೆಯುವ ರೋಮನ್ ಮಾರುಕಟ್ಟೆಯನ್ನು ನೋಡಿ. ನಿಂತಿರುವ ಮೂರು ಅಮೃತಶಿಲೆಯ ಕಂಬಗಳ ಮೇಲೆ, ಮನುಷ್ಯನ ತಲೆಗಿಂತ ಎತ್ತರದಲ್ಲಿ, ಕಲ್ಲು ಕೊರೆಯುವ ಕಡಲ ಚಿಪ್ಪುಜೀವಿಗಳ ತೂತುಗಳ ಪಟ್ಟಿ ಇದೆ. ಭೂಮಿ ಇಲ್ಲಿ ಕಂಬಗಳ ಸಮೇತ ಸಮುದ್ರದೊಳಗೆ ಇಳಿದು, ಮತ್ತೆ ಮೇಲೆ ಬಂದಿದೆ. ಕೆಳಗಿನ ಜ್ವಾಲಾಮುಖಿ ವ್ಯವಸ್ಥೆಯ ಉಸಿರಾಟ ಈಗಲೂ ನಿಂತಿಲ್ಲ. ಈ ಭಾಗದಲ್ಲಿ ಸಣ್ಣ ಭೂಕಂಪಗಳು ಆಗಾಗ ಆಗುತ್ತವೆ, ಹೋಗುವ ಹಿಂದಿನ ದಿನದ ಸುದ್ದಿ ನೋಡಿಕೊಳ್ಳಿ.

ಪ್ರಶ್ನೆ: ಕಳ್ಳತನದ ಭಯವಿದೆ. ನಿಜಕ್ಕೂ ಅಷ್ಟು ಅಪಾಯವೇ?

ಪ್ರವಾಸಿಗರಿಗೆ ಎದುರಾಗುವುದು ಮುಖ್ಯವಾಗಿ ಜೇಬುಗಳ್ಳತನ. ಅದೂ ಗೊತ್ತಿರುವ ಜಾಗಗಳಲ್ಲಿ: ಗರಿಬಾಲ್ದಿ ಚೌಕ, ಸ್ಥಳೀಯ ರೈಲಿನ ಬಾಗಿಲು, ತುಂಬಿದ ಬಸ್ಸು. ಚೀಲವನ್ನು ರಸ್ತೆಯ ಕಡೆಗಲ್ಲ, ಗೋಡೆಯ ಕಡೆಯ ಹೆಗಲಿಗೆ ಹಾಕಿ. ಫೋನ್ ಹಿಡಿದು ರಸ್ತೆಯಂಚಿನಲ್ಲಿ ನಿಲ್ಲಬೇಡಿ, ಸ್ಕೂಟರ್‌ನಲ್ಲಿ ಬಂದು ಕಸಿಯುವುದುಂಟು. ಟ್ಯಾಕ್ಸಿಯಲ್ಲಿ ವಿಮಾನ ನಿಲ್ದಾಣ, ಬಂದರು ಮುಂತಾದ ಕಡೆಗೆ ನಗರಸಭೆ ನಿಗದಿ ಮಾಡಿದ ದರವಿದೆ. ಕೂರುವ ಮೊದಲೇ ತರಿಫ್ಫಾ ಪ್ರೆದೆತೆರ್ಮಿನಾತಾ ಬೇಕು ಎಂದು ಹೇಳಿ. ಗಾಡಿ ಹೊರಟು ಮೀಟರ್ ಓಡತೊಡಗಿದ ಮೇಲೆ ಕೇಳಿದರೆ ಅದು ಅನ್ವಯಿಸುವುದಿಲ್ಲ.